ಇಬ್ನ್ ಬತೂತ ಕಂಡ ಭೂತ ಮತ್ತು ಮಾಟಗಳ ಲೋಕ

ಇಬ್ನ್ ಬತೂತ ಎಂಬ ಹೆಸರು ನಮಗೆಲ್ಲ ಶಾಲೆಯ ಚರಿತ್ರೆ ಪುಸ್ತಕದಿಂದಲೇ ಪರಿಚಿತ. ಮೊರೊಕ್ಕೋದ ತಂಜೀರ್ ಪಟ್ಟಣದಲ್ಲಿ 1304ರಲ್ಲಿ ಜನಿಸಿದ ಅವರು 1325ರಲ್ಲಿ ಹಜ್ಜ್ ಯಾತ್ರೆಗೆಂದು ಮನೆಬಿಟ್ಟು ಹೊರಟರು. ಆಗ ಅವರಿಗೆ 21ರ ಪ್ರಾಯ. ಮಕ್ಕಾದಿಂದ ಅವರು ನೇರವಾಗಿ ಊರಿಗೆ ಮರಳಲಿಲ್ಲ. ಏಷ್ಯಾ ಮತ್ತು ಆಫ್ರಿಕಾ ಖಂಡಗಳ ನಾಡುಗಳನ್ನು ಸುತ್ತಿ ಮೊರೊಕ್ಕೋದಲ್ಲಿ ಶಾಶ್ವತವಾಗಿ ನೆಲೆ ನಿಂತದ್ದು 1354ರಲ್ಲಿ. ಫೇಝ್ ನಗರದ ಸುಲ್ತಾನ ಅಬೂ ಇನಾನ್‌ರ ಆಜ್ಞೆಯಂತೆ ಅವರು ತಮ್ಮ ಅನುಭವಗಳನ್ನು ಹೇಳಿದರು. ಇಬ್ನ್ ಜುಝೈ ಎಂಬ ವಿದ್ವಾಂಸರು ಅದನ್ನು ಬರೆದುಕೊಂಡು 1355ರಲ್ಲಿ ಮುಗಿಸಿದರು. ಅದೇ ಇಂದು ‘ರಿಹ್ಲ’ ಎಂದು ಪ್ರಸಿದ್ಧವಾಗಿರುವ ಗ್ರಂಥ.

ಆದರೆ ಇಬ್ನ್ ಬತೂತರು ಬರಿಯ ಪ್ರವಾಸಿಯಲ್ಲ. ಅವರು ಮಾಲಿಕಿ ಕರ್ಮಶಾಸ್ತ್ರವನ್ನು ಕಲಿತ ವಿದ್ವಾಂಸರು. ಹೋದಲ್ಲೆಲ್ಲ ಅವರಿಗೆ ಅನ್ನ ಮತ್ತು ಗೌರವ ತಂದುಕೊಟ್ಟದ್ದು ಈ ವಿದ್ಯೆಯೇ. ದೆಹಲಿಯಲ್ಲೂ ಮಾಲ್ದೀವ್ ದ್ವೀಪಗಳಲ್ಲೂ ಅವರು ಖಾಝಿಯಾಗಿದ್ದರು. ಭಾಷೆ ಬಾರದ ನಾಡಿಗೆ ಬಂದ ಒಬ್ಬ ಪರದೇಶಿ ವಿದ್ವಾಂಸನ ಎದುರಿಗೆ ಅಲ್ಲಿನ ಜನರ ಮಾಟ, ಮಂತ್ರ, ಭೂತಗಳ ನಂಬಿಕೆಗಳು ಬಂದು ನಿಂತಾಗ ಆತ ಏನು ಮಾಡುತ್ತಾನೆ? ರಿಹ್ಲದಲ್ಲಿ ಈ ಪ್ರಶ್ನೆಗೆ ಸಂಬಂಧಿಸಿದ ಹಲವು ಘಟನೆಗಳಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ದೆಹಲಿಯ ದರ್ಬಾರಿನಲ್ಲಿ

ಇಬ್ನ್ ಬತೂತರು ಸಿಂಧೂ ನದಿಯ ತೀರವನ್ನು ತಲುಪಿದ್ದು 1333ರಲ್ಲಿ. ಆಗ ದೆಹಲಿಯನ್ನು ಆಳುತ್ತಿದ್ದವರು ಮುಹಮ್ಮದ್ ಬಿನ್ ತುಘ್ಲಕ್. ಪರದೇಶದಿಂದ ಬಂದ ವಿದ್ವಾಂಸರನ್ನು ಆದರಿಸಿ ದೊಡ್ಡ ಹುದ್ದೆಗಳನ್ನು ಕೊಡುವುದು ಈ ಸುಲ್ತಾನರ ರೂಢಿ. ಇಬ್ನ್ ಬತೂತರಿಗೂ ವರ್ಷಕ್ಕೆ 12,000 ದೀನಾರ್ ಸಂಬಳದ ಖಾಝಿ ಪದವಿ ದೊರೆಯಿತು. ಇಲ್ಲಿನ ಭಾಷೆ ತನಗೆ ತಿಳಿಯದು ಎಂದು ಅವರು ಹೇಳಿಕೊಂಡಾಗ ಸುಲ್ತಾನರು ಇಬ್ಬರು ಸಹಾಯಕರನ್ನೂ ನೇಮಿಸಿಕೊಟ್ಟರು.

ಒಂದು ದಿನ ಸುಲ್ತಾನರು ಅವರನ್ನು ತಮ್ಮ ಖಾಸಗಿ ಕೋಣೆಗೆ ಕರೆಸಿದರು. ಅಲ್ಲಿ ಇಬ್ಬರು ಜೋಗಿಗಳಿದ್ದರು. ದೂರದ ನಾಡಿನಿಂದ ಬಂದ ಈ ಅತಿಥಿಗೆ ಈವರೆಗೆ ಕಾಣದ್ದನ್ನು ತೋರಿಸಿ ಎಂದು ಸುಲ್ತಾನರು ಆಜ್ಞಾಪಿಸಿದರು. ಜೋಗಿಗಳಲ್ಲೊಬ್ಬ ಕುಕ್ಕುರುಗಾಲಿನಲ್ಲಿ ಕುಳಿತ. ಕುಳಿತ ಭಂಗಿಯಲ್ಲೇ ನೆಲದಿಂದ ಮೇಲೆದ್ದು ಗಾಳಿಯಲ್ಲಿ ನಿಂತ. ಇದನ್ನು ಕಂಡ ಇಬ್ನ್ ಬತೂತರು ಪ್ರಜ್ಞೆ ತಪ್ಪಿ ಬಿದ್ದರು. ಔಷಧಿ ಕುಡಿಸಿದ ಮೇಲೆ ಎಚ್ಚರವಾಯಿತು. ಮನೆಗೆ ಹೋದ ಮೇಲೂ ಎದೆಬಡಿತ ನಿಲ್ಲಲಿಲ್ಲ. ಇದನ್ನೆಲ್ಲ ಅವರೇ ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡಿದ್ದಾರೆ.

ಇದೇ ಬಗೆಯ ಇನ್ನೊಂದು ಪ್ರಸಂಗವನ್ನು ಅವರು ಚೀನಾದ ಹಾಂಗ್‌ಝೌ ನಗರದ ಬಗ್ಗೆ ಬರೆಯುವಾಗ ಹೇಳುತ್ತಾರೆ. ಅವರು ಚೀನಾದವರೆಗೆ ನಿಜವಾಗಿಯೂ ಹೋದರೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದ್ದರೂ ಪ್ರಸಂಗ ಮಾತ್ರ ಗಮನಾರ್ಹ. ಅಲ್ಲಿ ಒಬ್ಬ ಜಾದೂಗಾರ ಉದ್ದನೆಯ ಬಾರು ಕಟ್ಟಿದ ಮರದ ಚೆಂಡನ್ನು ಮೇಲಕ್ಕೆಸೆದ. ಅದು ಆಕಾಶದಲ್ಲಿ ಕಣ್ಮರೆಯಾಯಿತು. ಬಾರನ್ನು ಹಿಡಿದು ಒಬ್ಬ ಹುಡುಗ ಹತ್ತಿಹೋದ. ಹಿಂದೆಯೇ ಚೂರಿ ಹಿಡಿದು ಜಾದೂಗಾರನೂ ಹತ್ತಿದ. ಸ್ವಲ್ಪ ಹೊತ್ತಿನಲ್ಲಿ ಹುಡುಗನ ಕೈಕಾಲುಗಳು ಒಂದೊಂದಾಗಿ ಕೆಳಗೆ ಬಿದ್ದವು. ಮತ್ತೆ ಅವನ್ನು ಜೋಡಿಸಿದಾಗ ಹುಡುಗ ಎದ್ದು ನಿಂತ! ಇಬ್ನ್ ಬತೂತರಿಗೆ ದೆಹಲಿಯಲ್ಲಿ ಆದಂತೆಯೇ ಎದೆಬಡಿತ ಏರಿತು. ಆಗ ಪಕ್ಕದಲ್ಲಿದ್ದ ಖಾಝಿಯೊಬ್ಬರು ಅವರನ್ನು ಸಮಾಧಾನಪಡಿಸುತ್ತಾ, ಇಲ್ಲಿ ಯಾರೂ ಹತ್ತಲೂ ಇಲ್ಲ, ಇಳಿಯಲೂ ಇಲ್ಲ, ಕೈಕಾಲು ಕಡಿಯಲೂ ಇಲ್ಲ, ಇದೆಲ್ಲ ಬರಿಯ ಕಣ್ಕಟ್ಟು ಎಂದು ತಿಳಿಸಿದರು.

ಒಂದೇ ದೃಶ್ಯವನ್ನು ಇಬ್ಬರು ವಿದ್ವಾಂಸರು ಕಂಡರು. ಒಬ್ಬರು ಬೆಚ್ಚಿಬಿದ್ದರು, ಇನ್ನೊಬ್ಬರು ಶಾಂತರಾಗಿ ಅದರ ಗುಟ್ಟನ್ನು ಊಹಿಸಿದರು. ಗ್ರಂಥಗಳನ್ನು ಓದಿದ ಮಾತ್ರಕ್ಕೆ ಭಯ ತಾನಾಗಿ ಹೋಗುವುದಿಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

ಬರಗಾಲದಲ್ಲಿ ಒಬ್ಬ ಹೆಂಗಸು

ಜೋಗಿಗಳ ಪ್ರಸಂಗವನ್ನು ಓದಿ ನಾವು ನಕ್ಕುಬಿಡಬಹುದು. ಅದರಿಂದ ಯಾರಿಗೂ ಹಾನಿಯಾಗಲಿಲ್ಲ. ಆದರೆ ರಿಹ್ಲದಲ್ಲಿ ನಗಲು ಸಾಧ್ಯವಾಗದ ಇನ್ನೊಂದು ಘಟನೆಯಿದೆ.

ದೆಹಲಿಯ ಸುತ್ತಮುತ್ತ ಭೀಕರ ಬರಗಾಲ ಬಂದಿತ್ತು. ಸುಲ್ತಾನರು ಆಗ ದಕ್ಷಿಣದ ದಂಡಯಾತ್ರೆಯಲ್ಲಿದ್ದರು. ನಿರ್ಗತಿಕರಿಗೆ ಅನ್ನ ಒದಗಿಸಬೇಕೆಂದು ಅಲ್ಲಿಂದಲೇ ಆಜ್ಞೆ ಬಂತು. ಅದರಂತೆ ಬಡವರನ್ನು ಅಮೀರರಿಗೂ ಖಾಝಿಗಳಿಗೂ ಹಂಚಲಾಯಿತು. ಇಬ್ನ್ ಬತೂತರ ಪಾಲಿಗೆ ಬಂದವರು 500 ಮಂದಿ. ಅವರಿಗಾಗಿ ಇಬ್ನ್ ಬತೂತರು ಎರಡು ಮನೆಗಳಲ್ಲಿ ಮೊಗಸಾಲೆಗಳನ್ನು ಕಟ್ಟಿಸಿದರು. ಐದು ದಿನಗಳಿಗೊಮ್ಮೆ ಐದು ದಿನಗಳ ದಿನಸಿಯನ್ನು ಕೊಡುತ್ತಿದ್ದರು. ಇದು ಅವರ ಜೀವನದ ಒಳ್ಳೆಯ ಕೆಲಸಗಳಲ್ಲೊಂದು ಎನ್ನುವುದರಲ್ಲಿ ಸಂಶಯವಿಲ್ಲ.

ಒಂದು ದಿನ ಈ ನಿರಾಶ್ರಿತರ ಪೈಕಿ ಒಬ್ಬ ಹೆಂಗಸನ್ನು ಜನರು ಹಿಡಿದು ತಂದರು. ಜೊತೆಗೆ ಒಬ್ಬ ಹುಡುಗನ ಶವ. ಇವಳು ‘ಕಫ್ತಾರ್’, ಪಕ್ಕದಲ್ಲಿದ್ದ ಹುಡುಗನ ಹೃದಯವನ್ನು ತಿಂದುಬಿಟ್ಟಿದ್ದಾಳೆ ಎಂಬುದು ಅವರ ಆರೋಪ. ಕಫ್ತಾರ್ ಎಂದರೆ ಪಾರಸಿಯಲ್ಲಿ ಕತ್ತೆಕಿರುಬ. ನೋಟದಿಂದಲೇ ಮನುಷ್ಯನನ್ನು ಕೊಲ್ಲುವವರು ಇದ್ದಾರೆ, ಹಾಗೆ ಸತ್ತವನ ಎದೆಯನ್ನು ಸೀಳಿದರೆ ಒಳಗೆ ಹೃದಯ ಇರುವುದಿಲ್ಲ, ಇಂಥವರಲ್ಲಿ ಹೆಚ್ಚಿನವರು ಹೆಂಗಸರು ಎಂಬ ನಂಬಿಕೆ ಆಗ ಅಲ್ಲಿ ಬೇರೂರಿತ್ತು.

ಖಾಝಿಯವರು ಏನು ಮಾಡಿದರು? ಅವಳನ್ನು ಸುಲ್ತಾನರ ಪ್ರತಿನಿಧಿಯ ಬಳಿಗೆ ಕರೆದುಕೊಂಡು ಹೋಗಿ ಎಂದರು. ಆ ಪ್ರತಿನಿಧಿ ಅವಳನ್ನು ಪರೀಕ್ಷಿಸಲು ಹೇಳಿದ. ನಾಲ್ಕು ಮಡಕೆಗಳಲ್ಲಿ ನೀರು ತುಂಬಿ ಅವಳ ಕೈಕಾಲುಗಳಿಗೆ ಕಟ್ಟಿ ಯಮುನಾ ನದಿಗೆ ಎಸೆದರು. ಅವಳು ಮುಳುಗಲಿಲ್ಲ. ಮುಳುಗಿದ್ದರೆ ನಿರಪರಾಧಿ, ಮುಳುಗದ್ದರಿಂದ ಕಫ್ತಾರ್ ಎಂದು ತೀರ್ಮಾನವಾಯಿತು. ಅವಳನ್ನು ಸುಟ್ಟುಹಾಕಿದರು. ಊರಿನ ಗಂಡಸರೂ ಹೆಂಗಸರೂ ಬಂದು ಆ ಬೂದಿಯನ್ನು ಕೊಂಡೊಯ್ದರು. ಅದರ ಹೊಗೆ ಹಾಕಿಕೊಂಡರೆ ಆ ವರ್ಷ ಕಫ್ತಾರ್‌ನ ಮಾಟ ತಟ್ಟುವುದಿಲ್ಲವಂತೆ.

ಈ ಪರೀಕ್ಷೆಯನ್ನು ವಿಜ್ಞಾನದ ವಿದ್ಯಾರ್ಥಿಗಳು ಒಮ್ಮೆ ಯೋಚಿಸಿ ನೋಡಬೇಕು. ನೀರು ತುಂಬಿದ ಮಡಕೆ ನೆಲದ ಮೇಲೆ ಭಾರವೇ ಸರಿ. ಆದರೆ ನದಿಯ ಒಳಗೆ ಆ ನೀರಿಗೆ ಭಾರವಿಲ್ಲ. ಕೆಳಗೆ ಎಳೆಯುವುದು ಮಡಕೆಯ ಮಣ್ಣಿನ ತೂಕ ಮಾತ್ರ, ಅದೂ ಒಂದು ಪಾಲು. ಬಾವಿಯಿಂದ ನೀರು ಸೇದುವವರಿಗೆಲ್ಲ ಇದು ಗೊತ್ತಿದೆ: ಕೊಡ ನೀರಿನೊಳಗೆ ಇರುವಷ್ಟು ಹೊತ್ತು ಹಗುರ, ಮೇಲೆ ಬಂದಾಗಲೇ ಭಾರ. ಬಟ್ಟೆಯೊಳಗೆ ಗಾಳಿ ಸಿಕ್ಕಿಕೊಂಡಿದ್ದರೆ, ಎದೆಯಲ್ಲಿ ಉಸಿರು ತುಂಬಿದ್ದರೆ ದೇಹ ತೇಲುವುದರಲ್ಲಿ ಯಾವ ಮಾಟವೂ ಇಲ್ಲ. ಇನ್ನು ಆ ಹುಡುಗ ಸತ್ತದ್ದು ಬರಗಾಲದಲ್ಲಿ, ಹಸಿದವರ ನಡುವೆ. ಮಕ್ಕಳು ಸಾಯಲು ಅಲ್ಲಿ ಕಾರಣಗಳಿಗೆ ಕೊರತೆಯಿರಲಿಲ್ಲ. ಆದರೆ ಜನರು ಕಾರಣವನ್ನು ಹುಡುಕಲಿಲ್ಲ, ಒಬ್ಬ ಅಪರಾಧಿಯನ್ನು ಹುಡುಕಿದರು. ಸಿಕ್ಕಿದವಳು ಯಾರ ಬೆಂಬಲವೂ ಇಲ್ಲದ ಒಬ್ಬ ಹೆಂಗಸು. ಅವಳ ಹೆಸರು ಕೂಡ ರಿಹ್ಲದಲ್ಲಿ ಇಲ್ಲ.

ಇದು ಭಾರತದ ಅಥವಾ ಪೂರ್ವದೇಶಗಳ ದೋಷ ಮಾತ್ರ ಎಂದು ಯಾರೂ ತಿಳಿಯಬಾರದು. ಇದಾದ ಸುಮಾರು 300 ವರ್ಷಗಳ ನಂತರವೂ ಇಂಗ್ಲೆಂಡಿನಲ್ಲಿ ಮಾಟಗಾತಿಯರೆಂದು ಆರೋಪಿಸಲಾದ ಹೆಂಗಸರನ್ನು ಕಟ್ಟಿ ನೀರಿಗೆ ಹಾಕಿ ತೇಲುತ್ತಾರೆಯೇ ಎಂದು ನೋಡುತ್ತಿದ್ದರು.

ನಂಬಿಕೆ ಬೇರೆ, ಆರೋಪ ಬೇರೆ

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಜಿನ್ನ್ ಮತ್ತು ಸಿಹ್ರ್‌ಗಳ ಪ್ರಸ್ತಾಪ ಕುರ್‌ಆನಿನಲ್ಲಿದೆ. ಇಬ್ನ್ ಬತೂತರಂತಹ ವಿದ್ವಾಂಸರು ಅವುಗಳನ್ನು ನಂಬಿದ್ದು ಆಶ್ಚರ್ಯವಲ್ಲ. ಆದರೆ ಜಿನ್ನ್ ಇದೆ ಎಂಬ ನಂಬಿಕೆ ಬೇರೆ, ಈ ಹೆಂಗಸೇ ಮಾಟಗಾತಿ ಎಂಬ ಆರೋಪ ಬೇರೆ. ಮೊದಲನೆಯದು ವಿಶ್ವಾಸಕ್ಕೆ ಸಂಬಂಧಿಸಿದ್ದು. ಎರಡನೆಯದು ಒಂದು ಮೊಕದ್ದಮೆ. ಮೊಕದ್ದಮೆಗೆ ಸಾಕ್ಷ್ಯ ಬೇಕು. ವಾದ ಹೂಡಿದವನೇ ಸಾಕ್ಷ್ಯ ಒದಗಿಸಬೇಕು ಎಂಬುದು ಇಸ್ಲಾಮೀ ನ್ಯಾಯಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಖಾಝಿಯಾಗಿದ್ದ ಇಬ್ನ್ ಬತೂತರಿಗೆ ಇದು ತಿಳಿಯದ ವಿಷಯವಲ್ಲ. ಕಂಡವರು ಯಾರು, ಏನನ್ನು ಕಂಡರು, ಹುಡುಗನಿಗೆ ಕಾಯಿಲೆ ಇತ್ತೇ ಎಂಬ ಒಂದು ಪ್ರಶ್ನೆಯನ್ನೂ ತಾವು ಕೇಳಿದ್ದಾಗಿ ಅವರು ಬರೆದಿಲ್ಲ.

ಪ್ರವಾದಿ ಮುಹಮ್ಮದ್(ಸ)ರ ಜೀವನದಲ್ಲಿ ಇಂತಹ ಸಂದರ್ಭಕ್ಕೆ ದಾರಿ ತೋರಿಸುವ ಒಂದು ಘಟನೆಯಿದೆ. ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಪ್ರವಾದಿಯವರ ಮಗುವಿನ ಮರಣಕ್ಕಾಗಿಯೇ ಸೂರ್ಯ ಕಪ್ಪಾದ ಎಂದು ಜನ ಆಡಿಕೊಂಡರು. ಆದರೆ ಯಾರ ಹುಟ್ಟಿಗಾಗಲಿ ಸಾವಿಗಾಗಲಿ ಗ್ರಹಣ ಹಿಡಿಯುವುದಿಲ್ಲ ಎಂದು ಪ್ರವಾದಿಯವರು ಅದನ್ನು ತಿದ್ದಿದರು. ಸ್ವಂತ ಮಗುವನ್ನು ಮಣ್ಣು ಮಾಡಿದ ದುಃಖದಲ್ಲೂ, ತಮ್ಮ ಗೌರವವನ್ನೇ ಹೆಚ್ಚಿಸುವಂತಿದ್ದ ತಪ್ಪು ನಂಬಿಕೆಯನ್ನು ಅವರು ಬೆಳೆಯಲು ಬಿಡಲಿಲ್ಲ.

ಇಬ್ನ್ ಬತೂತರಿಗಿಂತ ಸುಮಾರು 300 ವರ್ಷ ಮೊದಲು ಭಾರತದ ಬಗ್ಗೆ ಬರೆದ ಅಲ್‌ಬಿರೂನಿಯವರು ಹಿಡಿದ ದಾರಿಯೂ ಇದೇ. 973ರಲ್ಲಿ ಖ್ವಾರಿಝ್ಮ್‌ನಲ್ಲಿ ಜನಿಸಿದ ಅವರು ಸಂಸ್ಕೃತ ಕಲಿತು, ಪಂಡಿತರೊಡನೆ ಚರ್ಚಿಸಿ, 1030ರ ಸುಮಾರಿಗೆ ತಮ್ಮ ‘ಕಿತಾಬುಲ್ ಹಿಂದ್’ ಗ್ರಂಥವನ್ನು ಪೂರೈಸಿದರು. ಜನರ ಅಜ್ಞಾನದ ಮೇಲೆ ಬದುಕುವ ವಿದ್ಯೆಗಳಿಗೆಂದೇ ಅದರಲ್ಲಿ ಒಂದು ಅಧ್ಯಾಯವಿದೆ. ಮಂತ್ರಶಕ್ತಿಯಿಂದ ಜಿಂಕೆಗಳನ್ನು ಬರಿಗೈಯಲ್ಲಿ ಹಿಡಿಯುತ್ತಾರೆ ಎಂಬ ಮಾತನ್ನು ಅವರು ಅಲ್ಲಿ ಪರಿಶೀಲಿಸುತ್ತಾರೆ. ಬೇಟೆಗಾರರು ಒಂದೇ ರಾಗವನ್ನು ಮತ್ತೆ ಮತ್ತೆ ಕೇಳಿಸಿ ಪ್ರಾಣಿಗಳನ್ನು ಅದಕ್ಕೆ ಒಗ್ಗಿಸಿಬಿಡುತ್ತಾರೆ, ಇದರಲ್ಲಿ ಮಂತ್ರವೇನಿಲ್ಲ ಎನ್ನುವುದು ಅವರ ನಿರ್ಣಯ. ಅವರು ಜನರನ್ನು ಹೀಯಾಳಿಸಲಿಲ್ಲ. ಇದು ಹೇಗೆ ನಡೆಯುತ್ತದೆ ಎಂದು ಕೇಳಿದರು. ದೆಹಲಿಯ ಆ ಹೆಂಗಸಿಗೆ ಅಂದು ಬೇಕಾಗಿದ್ದುದು ಹಾಗೆ ಕೇಳುವ ಒಬ್ಬ ವ್ಯಕ್ತಿ.

ಹೊನ್ನಾವರದ ಪಾಠಶಾಲೆಗಳು

1340ರ ದಶಕದ ಆರಂಭದಲ್ಲಿ ಸುಲ್ತಾನರ ರಾಯಭಾರಿಯಾಗಿ ಚೀನಾಕ್ಕೆ ಹೊರಟ ಇಬ್ನ್ ಬತೂತರು ನಮ್ಮ ಕರಾವಳಿಗೂ ಬಂದರು. ಅವರು ‘ಹಿನೌರ್’ ಎಂದು ಬರೆದಿರುವುದು ಉತ್ತರ ಕನ್ನಡದ ಹೊನ್ನಾವರವನ್ನು. ಅಲ್ಲಿನ ಮುಸ್ಲಿಮರು ಶಾಫಿಈ ಪಂಗಡದವರು, ಧರ್ಮನಿಷ್ಠರು ಮತ್ತು ಸಮುದ್ರಯುದ್ಧದಲ್ಲಿ ಹೆಸರಾದವರು ಎನ್ನುತ್ತಾರೆ ಅವರು. ಅಲ್ಲಿನ ಹೆಂಗಸರೆಲ್ಲ ಕುರ್‌ಆನನ್ನು ಕಂಠಪಾಠ ಮಾಡಿದವರು ಎಂದೂ ದಾಖಲಿಸಿದ್ದಾರೆ. ಆ ಪಟ್ಟಣದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳನ್ನು ಅವರು ಕಂಡರು. ಇಂಥದ್ದನ್ನು ತಾನು ಬೇರೆಲ್ಲೂ ಕಂಡಿಲ್ಲ ಎಂಬುದು ಅಷ್ಟೊಂದು ಲೋಕ ಸುತ್ತಿದವರ ಮಾತು.

ಕರಾವಳಿಯಲ್ಲೂ ಅವರಿಗೆ ಜೋಗಿಗಳು ಎದುರಾದರು. ಮಂಗಳೂರಿನಲ್ಲಿ ಜೋಗಿಗಳಿಂದ ವಿದ್ಯೆ ಕಲಿಯುತ್ತಿದ್ದ ಒಬ್ಬ ಮುಸ್ಲಿಮನನ್ನು ಕಂಡದ್ದಾಗಿ ಅವರು ಬರೆಯುತ್ತಾರೆ. ಆತ ಎತ್ತರದ ಅಟ್ಟಣೆಯ ಮೇಲೆ 25 ದಿನ ಅನ್ನ ನೀರಿಲ್ಲದೆ ಕುಳಿತಿದ್ದನಂತೆ. ಧರ್ಮ ಬೇರೆಯಾದರೂ ಇಂತಹ ವಿದ್ಯೆಗಳ ಬಗೆಗಿನ ಕುತೂಹಲ ಎಲ್ಲರಿಗೂ ಸಮಾನವಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಸಮುದ್ರದಿಂದ ಬರುವ ದೀಪದ ಹಡಗು

ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗುಗಳು ನಾಶವಾದ ಮೇಲೆ ಇಬ್ನ್ ಬತೂತರು ಕೆಲವು ಕಾಲ ಅಲೆದಾಡಿ 1343ರಲ್ಲಿ ಮಾಲ್ದೀವ್ ತಲುಪಿದರು. ಆಗ ಅಲ್ಲಿ ಖದೀಜಾ ಎಂಬ ರಾಣಿಯ ಆಡಳಿತವಿತ್ತು. ಅರಬಿ ಬಲ್ಲ ವಿದ್ವಾಂಸ ಸಿಕ್ಕಿದನೆಂದು ಅವರನ್ನು ಅಲ್ಲಿಯೂ ಖಾಝಿಯಾಗಿ ನೇಮಿಸಲಾಯಿತು. ದ್ವೀಪಗಳು ಬೌದ್ಧ ಧರ್ಮದಿಂದ ಇಸ್ಲಾಮಿಗೆ ಬಂದದ್ದು ಹೇಗೆ ಎಂದು ವಿಚಾರಿಸಿದಾಗ ಅಲ್ಲಿಯ ಹಿರಿಯರು ಅವರಿಗೆ ಒಂದು ಕಥೆ ಹೇಳಿದರು.

ಹಿಂದೆ ಪ್ರತಿ ತಿಂಗಳೂ ಸಮುದ್ರದಿಂದ ಒಂದು ಭೂತ ಬರುತ್ತಿತ್ತಂತೆ. ದೂರದಿಂದ ನೋಡಿದರೆ ದೀಪಗಳು ತುಂಬಿದ ಹಡಗಿನಂತೆ ಕಾಣುತ್ತಿತ್ತು. ದ್ವೀಪದ ಜಾನಪದದಲ್ಲಿ ಇದರ ಹೆಸರು ರನ್ನಮಾರಿ. ಮಾರಿ ಎಂಬ ಪದ ನಮಗೂ ಅಪರಿಚಿತವಲ್ಲ. ಅದು ಬಂದಾಗ ಚೀಟಿ ಎತ್ತಿ ಒಬ್ಬ ಕನ್ಯೆಯನ್ನು ಆರಿಸಿ, ಸಿಂಗರಿಸಿ, ಕಡಲ ತೀರದ ಗುಡಿಯಲ್ಲಿ ರಾತ್ರಿ ಬಿಟ್ಟು ಬರುತ್ತಿದ್ದರು. ಬೆಳಿಗ್ಗೆ ಅಲ್ಲಿ ಅವಳ ಶವ ಮಾತ್ರ ಇರುತ್ತಿತ್ತು.

ಆ ಕಾಲದಲ್ಲಿ ಅಬುಲ್ ಬರಕಾತ್ ಎಂಬ ಮಗ್ರಿಬಿನ ವಿದ್ವಾಂಸರು ಅಲ್ಲಿಗೆ ಬಂದರು. ಅವರು ಹಾಫಿಝರು, ಅಂದರೆ ಕುರ್‌ಆನನ್ನು ಪೂರ್ತಿ ಕಂಠಪಾಠ ಮಾಡಿದವರು. ಇಳಿದುಕೊಂಡದ್ದು ಒಬ್ಬ ಮುದುಕಿಯ ಮನೆಯಲ್ಲಿ. ಒಂದು ದಿನ ಮನೆಗೆ ಬಂದರೆ ಎಲ್ಲರೂ ಸಾವಿನ ಮನೆಯಂತೆ ಅಳುತ್ತಿದ್ದಾರೆ. ಭಾಷೆ ತಿಳಿಯದು. ದುಭಾಷಿಯನ್ನು ಕರೆಸಿ ಕೇಳಿದಾಗ, ಚೀಟಿ ಆ ಮುದುಕಿಯ ಒಬ್ಬಳೇ ಮಗಳ ಹೆಸರಿಗೆ ಬಂದಿದೆ ಎಂದು ಗೊತ್ತಾಯಿತು. ಅವಳ ಬದಲಿಗೆ ಇಂದು ರಾತ್ರಿ ನಾನು ಹೋಗುತ್ತೇನೆ ಎಂದರು ಅವರು. ವುಝೂ ಮಾಡಿ ಗುಡಿಯಲ್ಲಿ ಕುಳಿತು ರಾತ್ರಿಯಿಡೀ ಕುರ್‌ಆನ್ ಪಾರಾಯಣ ಮಾಡಿದರು. ಭೂತ ಸಮೀಪ ಬಂದು ಆ ಧ್ವನಿಯನ್ನು ಕೇಳಿ ಸಮುದ್ರಕ್ಕೆ ಧುಮುಕಿ ಮರೆಯಾಯಿತು. ಬೆಳಿಗ್ಗೆ ಶವವನ್ನು ಸುಡಲು ಬಂದ ಜನರು ಕಂಡದ್ದು ಇನ್ನೂ ಓದುತ್ತಾ ಕುಳಿತಿದ್ದ ಅತಿಥಿಯನ್ನು. ಮುಂದಿನ ತಿಂಗಳು ಬರುವ ಮೊದಲೇ ರಾಜ ಇಸ್ಲಾಮ್ ಸ್ವೀಕರಿಸಿದ.

ಇದು ಕಥೆ. ಚರಿತ್ರೆಯ ವಿದ್ಯಾರ್ಥಿಗಳು ಇದನ್ನು ಇತರ ಆಧಾರಗಳ ಪಕ್ಕದಲ್ಲಿಟ್ಟು ನೋಡಬೇಕು. ಮಾಲ್ದೀವ್‌ನ ರಾಜ ಇಸ್ಲಾಮ್ ಸ್ವೀಕರಿಸಿದ್ದು ಹಿಜರಿ 548ರಲ್ಲಿ, ಅಂದರೆ 1153ರಲ್ಲಿ ಎಂದು ಅಲ್ಲಿಯ ಪರಂಪರೆ ಹೇಳುತ್ತದೆ. ಆದರೆ ದ್ವೀಪದ ಹಳೆಯ ಚರಿತ್ರೆ ಗ್ರಂಥದಲ್ಲಿ ಬಂದ ವಿದ್ವಾಂಸರ ಹೆಸರು ಅಬುಲ್ ಬರಕಾತ್ ಅಲ್ಲ, ಯೂಸುಫ್ ಶಂಸುದ್ದೀನ್ ತಬ್ರೀಝಿ ಎಂದಿದೆ. 12ನೇ ಶತಮಾನದ ಕೊನೆಯ ತಾಮ್ರಪಟಗಳು ಇನ್ನೂ ಬೇರೆಯದೇ ಚಿತ್ರವನ್ನು ಕೊಡುತ್ತವೆ. ದಕ್ಷಿಣದ ದ್ವೀಪಗಳ ಬೌದ್ಧ ಭಿಕ್ಷುಗಳನ್ನು ಮಾಲೆಗೆ ಒಯ್ದು ಕೊಲ್ಲಲಾಯಿತು ಎಂಬ ಕಹಿ ಸಂಗತಿಯೂ ಅವುಗಳಲ್ಲಿದೆ. ಒಂದು ನಾಡಿನ ಧರ್ಮ ಒಂದು ರಾತ್ರಿಯಲ್ಲಿ ಬದಲಾಗುವುದಿಲ್ಲ. ಅದರಲ್ಲಿ ವ್ಯಾಪಾರ, ರಾಜಕೀಯ, ಅಧಿಕಾರ ಎಲ್ಲವೂ ಸೇರಿರುತ್ತವೆ. ಇದನ್ನು ಒಪ್ಪಿಕೊಳ್ಳುವುದರಿಂದ ನಮ್ಮ ವಿಶ್ವಾಸಕ್ಕೆ ಯಾವ ಕುಂದೂ ಬರುವುದಿಲ್ಲ.

ಇನ್ನೂ ಒಂದು ಸ್ವಾರಸ್ಯವಿದೆ. ಇಬ್ನ್ ಬತೂತರು ಅಲ್ಲಿದ್ದಾಗ ಒಂದು ರಾತ್ರಿ ಜನರು ಜೋರಾಗಿ ತಕ್ಬೀರ್ ಹೇಳುವುದು ಕೇಳಿಸಿತು. ಮಕ್ಕಳು ತಲೆಯ ಮೇಲೆ ಕುರ್‌ಆನ್ ಹೊತ್ತಿದ್ದರು, ಹೆಂಗಸರು ತಾಮ್ರದ ಪಾತ್ರೆಗಳನ್ನು ಬಡಿಯುತ್ತಿದ್ದರು. ಕೇಳಿದಾಗ, ಸಮುದ್ರದ ಕಡೆ ನೋಡಿ ಎಂದರು. ನೋಡಿದರೆ ದೀಪ, ಪಂಜುಗಳು ತುಂಬಿದ ಹಡಗಿನಂತಹ ಬೆಳಕು! ಇಸ್ಲಾಮ್ ಬಂದು ಸುಮಾರು 190 ವರ್ಷಗಳಾಗಿದ್ದರೂ ಭೂತ ತಿಂಗಳಿಗೊಮ್ಮೆ ಬರುವುದು ನಿಂತಿರಲಿಲ್ಲ. ಬದಲಾದದ್ದು ಅದನ್ನು ಓಡಿಸುವ ಕ್ರಮ ಮಾತ್ರ. ಚೀಟಿಯ ಜಾಗಕ್ಕೆ ತಕ್ಬೀರ್ ಬಂದಿತ್ತು. ಕನ್ಯೆಯನ್ನು ಬಿಡುವ ಮಾತು ಇರಲಿಲ್ಲ. ಜುಮಾ ನಮಾಝಿಗೆ ಬಾರದವರನ್ನು ಶಿಕ್ಷಿಸಿದ, ಹೆಂಗಸರ ಉಡುಪನ್ನು ಬದಲಿಸಲು ಹೊರಟು ಸೋತ ಈ ಕಟ್ಟುನಿಟ್ಟಿನ ಖಾಝಿ ಆ ಬೆಳಕಿನ ಬಗ್ಗೆ ಮಾತ್ರ ಏನೂ ಪ್ರಶ್ನಿಸಲಿಲ್ಲ. ಮಾಲ್ದೀವ್‌ನಲ್ಲಿ ಮಂತ್ರವಿದ್ಯೆಗೆ ಇಂದಿಗೂ ‘ಫಂಡಿತ’ ಎಂಬ ಹೆಸರಿದೆ. ಅದು ಸಂಸ್ಕೃತದ ‘ಪಂಡಿತ’ ಪದದಿಂದ ಬಂದದ್ದು. ಮಾಟಕ್ಕೆ ಅಲ್ಲಿ ಹೇಳುವ ‘ಸಿಹುರು’ ಅರಬಿಯಿಂದ ಬಂದದ್ದು. ಹಳೆಯ ನಂಬಿಕೆಗಳು ಹೊಸ ಧರ್ಮದೊಳಗೆ ಹೇಗೆ ಬಾಳುತ್ತವೆ ಎಂಬುದಕ್ಕೆ ಈ ಎರಡು ಪದಗಳೇ ಸಾಕ್ಷಿ.

ನಮ್ಮ ಮುಂದಿರುವ ಪ್ರಶ್ನೆ

ಈಗ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಎರಡರಲ್ಲೂ ಒಬ್ಬ ಪರದೇಶಿ ವಿದ್ವಾಂಸನಿದ್ದಾನೆ. ಎರಡರಲ್ಲೂ ಊರಿನ ಭಯಕ್ಕೆ ಬಲಿಯಾಗಲಿರುವ ಒಬ್ಬ ಅಸಹಾಯಕ ಹೆಣ್ಣಿದ್ದಾಳೆ. ಮಾಲ್ದೀವ್‌ನ ಕಥೆಯ ಅಬುಲ್ ಬರಕಾತ್ ಭೂತ ಇಲ್ಲ ಎಂದು ವಾದಿಸಲಿಲ್ಲ. ಹುಡುಗಿಯನ್ನು ಹಿಂದಕ್ಕೆ ಸರಿಸಿ ತಾವು ಅವಳ ಜಾಗದಲ್ಲಿ ಕುಳಿತರು. ದೆಹಲಿಯ ಖಾಝಿ ಆರೋಪಿಯನ್ನು ಮೇಲಧಿಕಾರಿಯ ಬಳಿಗೆ ಕಳುಹಿಸಿ ಸುಮ್ಮನಾದರು. ಮೊದಲನೆಯದು ಕೇಳಿದ ಕಥೆ, ಎರಡನೆಯದು ಸ್ವತಃ ಪಾಲ್ಗೊಂಡ ಘಟನೆ. ಕಥೆಯಲ್ಲಿ ಹುಡುಗಿ ಬದುಕಿದಳು. ಚರಿತ್ರೆಯಲ್ಲಿ ಹೆಂಗಸು ಸುಟ್ಟುಹೋದಳು. ಇಬ್ನ್ ಬತೂತರ ಕಾಲ, ಅಧಿಕಾರದ ಭಯ, ಭಾಷೆಯ ತೊಡಕು ಎಲ್ಲವನ್ನೂ ನಾವು ಪರಿಗಣಿಸಬೇಕು. ಅವರು ಇದನ್ನು ಮುಚ್ಚಿಡದೆ ಬರೆದದ್ದರಿಂದಲೇ ನಮಗೆ ಆ ಹೆಂಗಸಿನ ಸುದ್ದಿ ಗೊತ್ತಾಯಿತು ಎಂಬುದನ್ನೂ ಮರೆಯಬಾರದು. ಆದರೂ ಅಂದು ಅವಳ ಪರವಾಗಿ ಒಂದು ಪ್ರಶ್ನೆ ಕೇಳುವ ಅಧಿಕಾರವಿದ್ದದ್ದು ಅವರಿಗೆ.

ಇದು ಮುಗಿದುಹೋದ ಕಾಲದ ವಿಷಯವಲ್ಲ. ಮಾಟಗಾತಿ ಎಂಬ ಹೆಸರಿನಲ್ಲಿ ಹೆಂಗಸರನ್ನು ಹಿಂಸಿಸುವುದನ್ನು ತಡೆಯಲು ಬಿಹಾರದಲ್ಲಿ 1999ರಲ್ಲಿ ಕಾನೂನು ತರಬೇಕಾಯಿತು. ನಮ್ಮ ರಾಜ್ಯದಲ್ಲೂ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ 2017ರ ಅಧಿನಿಯಮ 2020ರ ಜನವರಿಯಿಂದ ಜಾರಿಯಲ್ಲಿದೆ. ಕಾಯಿಲೆಯಾದ ಮಗುವನ್ನು ವೈದ್ಯರಿಗೆ ತೋರಿಸದೆ ತಾಯಿತ ಕಟ್ಟಿ ಕಾಯುವವರು, ಮಾನಸಿಕ ಅಸ್ವಸ್ಥತೆಯನ್ನು ಜಿನ್ನ್ ಬಾಧೆ ಎಂದು ತಿಳಿದು ರೋಗಿಯನ್ನು ಹೊಡೆಸುವವರು, ಮನೆಯ ಕಷ್ಟಕ್ಕೆಲ್ಲ ಸೊಸೆಯ ಅಥವಾ ನೆರೆಯವಳ ಮಾಟವೇ ಕಾರಣ ಎಂದು ಹಣ ಪಡೆದು ಹೇಳುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಕಾನೂನು ಬರುವುದು ಅನಾಹುತ ನಡೆದ ಮೇಲೆ. ಅದಕ್ಕೆ ಮೊದಲು ಮನೆಯಲ್ಲಿ, ಮೊಹಲ್ಲಾದಲ್ಲಿ ಮಾತನಾಡಬೇಕಾದವರು ಓದಿದವರು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಅಜ್ಜಿಯ ನಂಬಿಕೆಗಳನ್ನು ಗೇಲಿ ಮಾಡಲು ವಿದ್ಯೆ ಬೇಕಾಗಿಲ್ಲ. ಯಾರಾದರೂ ಒಬ್ಬರ ಕಡೆಗೆ ಬೆರಳು ತೋರಿಸಿ ಇವಳೇ ಕಾರಣ ಎಂದಾಗ, ಕಂಡವರು ಯಾರು, ಏನನ್ನು ಕಂಡಿರಿ, ವೈದ್ಯರು ಏನು ಹೇಳಿದರು ಎಂದು ಕೇಳಲು ವಿದ್ಯೆ ಬೇಕು, ಧೈರ್ಯವೂ ಬೇಕು. ಸುಮಾರು 680 ವರ್ಷಗಳ ಹಿಂದೆ ಹೊನ್ನಾವರದ ಜನರು ಹೆಣ್ಣುಮಕ್ಕಳಿಗಾಗಿಯೇ 13 ಪಾಠಶಾಲೆಗಳನ್ನು ನಡೆಸುತ್ತಿದ್ದರು. ಆ ಪರಂಪರೆಯ ವಾರಸುದಾರರಾದ ನಾವು ನಮ್ಮ ಶಾಲೆ, ಮದ್ರಸಗಳಲ್ಲಿ ಪಾಠದ ಜೊತೆಗೆ ಇಂತಹ ಪ್ರಶ್ನೆ ಕೇಳುವುದನ್ನೂ ಕಲಿಸಬೇಕಾಗಿದೆ.